ಸುನಂದಾಳ ಪಾಲಿನ ನೀರು

ಸಾವನ್ನು ಒಂದಿಷ್ಟು ಹೊತ್ತು ಹೊಸ್ತಿಲಾಚೆ ಕೂರಿಸಿಡಲು ಸಾಧ್ಯವೇ? ಡಾಕ್ಟರ್ ಸುನಂದಾ ಬಾವಿಕಟ್ಟಿ ತನ್ನ ಯೌವನವನ್ನೆಲ್ಲ ಸುರಿದದ್ದು ಈ ಒಂದು ಪ್ರಶ್ನೆಗೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕಪ್ಪೆ ಮಣ್ಣಿನೊಳಗೆ ಹುದುಗಿ, ಉಸಿರು ಇದೆಯೋ ಇಲ್ಲವೋ ಎಂಬ ಹಾಗೆ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಮಳೆ ಬಂದರೆ ಏನೂ ಆಗಲಿಲ್ಲವೆಂಬಂತೆ ಎದ್ದು ವಟಗುಟ್ಟುತ್ತದೆ. ಕಪ್ಪೆಗೆ ಆಗುವುದು ಮನುಷ್ಯನಿಗೆ ಯಾಕಾಗಬಾರದು? ಕಲ್ಲಿನಡಿ ಸಿಕ್ಕು ರಕ್ತ ಸೋರುತ್ತಿರುವವನು ಆಪರೇಷನ್ ಮಾಡುವ ಕೈ ಬಿಡುವಾಗುವ ತನಕ ಯಾಕೆ ಕಾಯಬಾರದು?

ಹಾಗೆ ಹುಟ್ಟಿದ್ದು ತಂಗುಚೀಲ. ಆಳುದ್ದದ ನೀಲಿ ಚೀಲ. ಅದರ ಪದರಗಳೊಳಗೆ ತಣ್ಣನೆಯ ದ್ರವ ಹರಿಯುತ್ತದೆ. ತೋಳಿನ ಸೂಜಿಯಿಂದ ಹನಿಹನಿಯಾಗಿ ಇಳಿಯುವ ಔಷಧ ಮೈಯ ಕಣಕಣಕ್ಕೂ ಸಾಕು, ಇನ್ನು ಮಲಗು ಎನ್ನುತ್ತದೆ. ಹೃದಯ ನಿಮಿಷಕ್ಕೆ ಐದಾರು ಸಲ ಬಡಿಯುತ್ತದೆ, ಉಸಿರು ಒಂದೋ ಎರಡೋ. ಮುಖವೊಂದು ಹೊರಗಿರುತ್ತದೆ, ಮೂಗಿಗೆ ಸಣ್ಣ ಕೊಳವೆ. ಎದೆಯ ಮೇಲಿನ ಪುಟ್ಟ ದೀಪ ಹಸಿರಾಗಿದ್ದರೆ ಚಿಂತೆಯಿಲ್ಲ. ಹಳದಿಯಾದರೆ ಸರದಿ ಹತ್ತಿರ ಬಂತೆಂದು ಅರ್ಥ. ಕೆಂಪಾದರೆ ಔಷಧದ ಕೈ ಸೋತಿದೆ, ರೋಗಿಯನ್ನು ಬೆಚ್ಚಗೆ ಮಾಡಿ ಎಬ್ಬಿಸಿ ಆಪರೇಷನ್‌ಗೆ ಒಯ್ಯಲೇಬೇಕು. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪರೀಕ್ಷೆ ನಡೆಸಿದಾಗ ಒಂದು ಜೀವವೂ ಕೈತಪ್ಪಿರಲಿಲ್ಲ. ಅಲ್ಲಿ ಚೀಲಗಳು ಗಾಜಿನ ಬಾಗಿಲಿನ ಈಚೆ, ಮನೆಯವರು ಆಚೆ ಇದ್ದರು.

ಆಮೇಲೆ ಭೂಮಿ ನಡುಗಿತು. ನಡುಗುವುದಕ್ಕೆ ಅದಕ್ಕೆ ಬೇರೆ ಊರು ಸಿಗಲಿಲ್ಲವೇನೋ, ಸುನಂದಾ ಹುಟ್ಟಿ ಬೆಳೆದ ಕೋಡ್ಲಾಪುರವನ್ನೇ ಹುಡುಕಿಕೊಂಡು ಬಂತು. ಕಲಬುರಗಿ ಸೀಮೆಯ ಆ ಊರಿನಲ್ಲಿ ಮನೆಗೆಲ್ಲ ಫರಸಿ ಕಲ್ಲಿನ ಗೋಡೆ, ಮೇಲೆ ಮೊಳದಪ್ಪ ಮಣ್ಣಿನ ಮಾಳಿಗೆ. ಬಿಸಿಲಿಗೆ ತಂಪು ಕೊಡುವ ಮಾಳಿಗೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಸೇತುವೆ ಕುಸಿದು ರಸ್ತೆ ಇಲ್ಲವಾಯಿತು. ಹೆಲಿಕಾಪ್ಟರಿನಲ್ಲಿ ಬಂದವರು ಇಬ್ಬರು ಸರ್ಜನ್‌ಗಳು, ಬೆರಳೆಣಿಕೆಯ ನರ್ಸುಗಳು, ಚೀಲಗಳ ರಾಶಿ ಮತ್ತು ಸುನಂದಾ. ಬಿರುಕು ಬಿಡದೆ ನಿಂತಿದ್ದ ತೊಗರಿ ಗೋದಾಮೇ ಆಸ್ಪತ್ರೆಯಾಯಿತು.

ಚೀಲ ನೋಡಿಕೊಳ್ಳಲು ಜನ ಸಾಲದು. ಅದಕ್ಕೆ ಸುನಂದಾ ಒಂದು ಉಪಾಯ ಮಾಡಿದಳು. ಪ್ರತಿ ಚೀಲದ ಪಕ್ಕ ಮನೆಯವರು ಕೂತು ದೀಪ ನೋಡುತ್ತಿರಬೇಕು, ಬಣ್ಣ ಬದಲಾದರೆ ಕೂಗಬೇಕು. ಬಾಯಿಗೆ ಏನನ್ನೂ ಕೊಡಬಾರದೆಂದು ಚೀಲದ ಮೇಲೆ ಬರೆದೇ ಇತ್ತು, ನರ್ಸುಗಳೂ ಹೇಳಿದ್ದರು. ಉಪಾಯ ಎಲ್ಲರಿಗೂ ಒಪ್ಪಿಗೆಯಾಯಿತು. ಅದೇ ಗೋದಾಮಿನ ಬಾಗಿಲ ಹತ್ತಿರದ ಚೀಲವೊಂದರಲ್ಲಿ ಸುನಂದಾಳ ತಂಗಿ ಶೈಲಾ ಇದ್ದಳು. ಶಾಲೆಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದ ಶಿಕ್ಷಕಿಯ ಮೇಲೆ ಪಡಸಾಲೆ ಪೂರ್ತಿ ಬಿದ್ದಿತ್ತು. ಸೊಂಟದ ಕೆಳಗೆ ಜಜ್ಜಿತ್ತು, ಆದರೆ ಉಳಿಸಬಹುದಾದ ಗಾಯ. ಪಕ್ಕದಲ್ಲಿ ತಾಯಿ ಕಾಶೀಬಾಯಿ ಮೊಣಕಾಲು ಮಡಚಿ ಕೂತು ಮಗಳ ಎದೆಯ ಹಸಿರು ದೀಪವನ್ನೇ ನೋಡುತ್ತಿದ್ದಳು.

ಮೊದಲ ದಿನ ಎಲ್ಲವೂ ಸರಿಯಿತ್ತು. ಎರಡನೆಯ ದಿನ ಎಬ್ಬಿಸುವುದಕ್ಕೆ ಶುರು ಮಾಡಿದಾಗ ಸಾವು ಶುರುವಾಯಿತು.

ಚೀಲದೊಳಗೆ ಚೆನ್ನಾಗಿಯೇ ಇದ್ದವರು ಮೈ ಬೆಚ್ಚಗಾಗುತ್ತಿದ್ದ ಹಾಗೆ ಏದುಸಿರು ಬಿಟ್ಟು, ತುಟಿ ನೀಲಿಯಾಗಿ, ಸರ್ಜನ್ ಕತ್ತಿ ಹಿಡಿಯುವ ಮೊದಲೇ ಹೋಗಿಬಿಡುತ್ತಿದ್ದರು. ಒಬ್ಬರಾಯಿತು, ಇಬ್ಬರಾಯಿತು, ಮೂರನೆಯವರೂ ಹೋದರು. ಮೂರನೆಯವನ ಗಂಟಲಿಗೆ ಕೊಳವೆ ಹಾಕಿ ಎಳೆದಾಗ ನೊರೆ ಬೆರೆತ ನೀರು ಬಂತು. ಶ್ವಾಸಕೋಶದಲ್ಲಿ ನೀರು! ಒಣ ಗೋದಾಮಿನಲ್ಲಿ, ಬಾಯಿಗೆ ಏನೂ ಹಾಕದ ಮನುಷ್ಯನ ಎದೆಯೊಳಗೆ ನೀರು ಎಲ್ಲಿಂದ ಬರಬೇಕು?

ಗೋದಾಮಿನ ಗೇಟಿನಲ್ಲಿ ಹೆಲಿಕಾಪ್ಟರಿಗೆ ತೂಗುಹಾಕಿ ತಂದಿಳಿಸಿದ ನಿಯಂತ್ರಣ ವ್ಯಾನು ನಿಂತಿತ್ತು. ಒಳಗಿನ ಪರದೆಯ ಮೇಲೆ ಪ್ರೊಫೆಸರ್ ಜಯರಾಮ ಆಳ್ವರ ಮುಖ. ಚೀಲದ ಯೋಜನೆಗೆಲ್ಲ ಅವರೇ ಮುಖ್ಯಸ್ಥರು. ಅವರ ಹಿಂದೆ ತಣ್ಣಗಿನ ಕೋಣೆ, ಸಾಲು ಸಾಲು ಕಂಪ್ಯೂಟರು, ಯಾರೋ ಕುಡಿಯುತ್ತಿದ್ದ ಕಾಫಿ. ಸುನಂದಾಳಿಗೆ ಆ ಕಾಫಿಯ ಮೇಲೆ ಕಾರಣವಿಲ್ಲದೆ ಸಿಟ್ಟು ಬಂತು.

"ಹ್ಯುಮಿಡಿಫೈಯರಿನದೇ ತೊಂದರೆ," ಅಂದರು ಆಳ್ವ. ಮೂಗಿಗೆ ಹೋಗುವ ಗಾಳಿ ಒಣಗಬಾರದೆಂದು ಅದನ್ನು ತೇವ ಮಾಡುವ ಸಣ್ಣ ಡಬ್ಬಿಗೆ ಅವರ ಬಾಯಲ್ಲಿ ಆ ಹೆಸರು. "ಅಲ್ಲಿನ ಧೂಳಿಗೆ ಕವಾಟ ಕಟ್ಟಿಕೊಂಡು ನೀರು ಒಳಗೆ ನುಗ್ಗುತ್ತಿರಬೇಕು. ಎಲ್ಲ ಡಬ್ಬಿಗಳನ್ನೂ ಕಳಚಿ ಹಾಕಿ."

"ಕಳಚಿದ ಮೇಲೂ ನಿಲ್ಲದಿದ್ದರೆ ಸರ್?"

ಆಳ್ವ ಕನ್ನಡಕ ತೆಗೆದು ಒರೆಸಿಕೊಂಡರು. "ಮೇಲಿನಿಂದ ಒತ್ತಡ ಇದೆ ಸುನಂದಾ. ಚೀಲವೇ ಜನರನ್ನು ಕೊಲ್ಲುತ್ತಿದೆ ಎಂದು ಸುದ್ದಿ ಹಬ್ಬುತ್ತಿದೆ. ಸಂಜೆಯೊಳಗೆ ಕಾರಣ ಸಿಗದಿದ್ದರೆ ಎಲ್ಲ ಚೀಲಗಳನ್ನೂ ಬಿಚ್ಚಿಸಲು ಆದೇಶ ಬರುತ್ತದೆ."

"ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿದರೆ ಇಬ್ಬರು ಸರ್ಜನ್‌ಗಳು ಯಾರನ್ನೆಂದು ನೋಡುತ್ತಾರೆ?"

ಆಳ್ವ ಕನ್ನಡಕ ಮತ್ತೆ ಹಾಕಿಕೊಂಡರು. "ಮೊದಲು ಡಬ್ಬಿ ಕಳಚಿ."

ನರ್ಸುಗಳೊಂದಿಗೆ ತಾನೂ ಕೂತು ಸುನಂದಾ ಡಬ್ಬಿಗಳನ್ನು ಕಳಚಿದಳು. ಉಗುರಿನ ಸಂದಿಯಲ್ಲಿ ರಕ್ತ ಬಂತು. ಒಂದು ಕವಾಟವೂ ಕಟ್ಟಿರಲಿಲ್ಲ, ಎಲ್ಲವೂ ಹೊಸದರ ಹಾಗೆ ಇದ್ದವು. ಆದರೂ ಕಳಚಿದಳು, ಬೇರೆ ಏನು ಮಾಡಬೇಕೆಂದು ಹೊಳೆಯಲಿಲ್ಲ. ಆಮೇಲೆ ದೀಪ ಕೆಂಪಾದದ್ದು ಮನೆ ಕಟ್ಟುವ ಗೌಂಡಿ ಕೆಲಸದ ದಸ್ತಗೀರನದು. ಅವನ ತಂದೆ ಮಶಾಕಸಾಬ ಸಂತೆಯಲ್ಲಿ ಬಳೆ ಮಾರುವವನು. ಸುನಂದಾಳ ಕೈಗೂ ಚಿಕ್ಕಂದಿನಲ್ಲಿ ಬಳೆ ಇಟ್ಟವನು. ಮಗ ಒಂದು ಚೀಲದಲ್ಲಿ, ಸೊಸೆ ಹಸೀನಾ ಪಕ್ಕದ ಚೀಲದಲ್ಲಿ. ಮುದುಕ ಎರಡರ ನಡುವೆ ಕೂತು ಒಮ್ಮೆ ಆ ದೀಪ, ಒಮ್ಮೆ ಈ ದೀಪ ನೋಡುತ್ತಿದ್ದ.

ದಸ್ತಗೀರನ ಮೈ ಬೆಚ್ಚಗಾಯಿತು. ರೆಪ್ಪೆ ಅಲುಗಿತು. ಈ ಸಲ ಗೆದ್ದೆವೆಂದು ಸುನಂದಾ ಅಂದುಕೊಳ್ಳುವಷ್ಟರಲ್ಲಿ ಅವನ ಎದೆ ಗೊರಗೊರ ಎಂದಿತು, ಬಾಯಿಂದ ನೊರೆ ಬಂತು. ಆಮೇಲೆ ಅವಳು ಎಷ್ಟು ಎದೆ ಒತ್ತಿದರೂ ಪ್ರಯೋಜನವಾಗಲಿಲ್ಲ. ಮಶಾಕಸಾಬ ಅಳಲಿಲ್ಲ. ಮಗನ ಕಣ್ಣು ಮುಚ್ಚಿ, ತಲೆಯ ರುಮಾಲು ಬಿಚ್ಚಿ ಮುಖಕ್ಕೆ ಹೊದಿಸಿ, ಮತ್ತೆ ಸೊಸೆಯ ಚೀಲದ ಹತ್ತಿರ ಹೋಗಿ ಕೂತ.

ಸುನಂದಾ ಎದ್ದಳು. ಅವ್ವನ ಹತ್ತಿರ ಹೋಗಿ ದೊಪ್ಪನೆ ಕೂತಳು. ಶೈಲಾಳ ದೀಪ ಹಳದಿಗೆ ತಿರುಗಿತ್ತು. ಗೋದಾಮಿನ ಹೊರಗೆ ಯಾರೋ ಕಲ್ಲು ಹೂಡಿ ರೊಟ್ಟಿ ಸುಡುತ್ತಿದ್ದರು, ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು. ಇಷ್ಟರ ನಡುವೆಯೂ ತನಗೆ ಹಸಿವಾಗಿದೆ ಎಂಬುದು ಗೊತ್ತಾಗಿ ಅವಳಿಗೆ ನಾಚಿಕೆಯಾಯಿತು.

"ಬಂದ್ಯಾ ಮಗಾ," ಅಂದಳು ಕಾಶೀಬಾಯಿ. "ನಿನ್ನ ಹಾದೀನ ನೋಡ್ಲಾಕತ್ತಿದ್ದೆ. ನಿಂದೊಂದು ಉಳದದ."

"ಏನವ್ವಾ ಉಳದದ್ದು?"

ಕಾಶೀಬಾಯಿ ಸೆರಗಿನಡಿಯಿಂದ ಒಂದು ಹಿತ್ತಾಳೆಯ ತಂಬಿಗೆ ತೆಗೆದಳು. ಜೊತೆಗೆ ಒಂದು ಚಮಚೆ. "ಗುಡಿ ಬಾವಿ ನೀರು. ನಿಮ್ಮ ಕಾಕಾ ಬಂದು ಬಿಟ್ಟು ಹೋದ್ರು, ಚಿಗವ್ವ ಬಿಟ್ಟಳು, ನಾನೂ ಬಿಟ್ಟೆ. ನಿಮ್ಮಪ್ಪ ಇಲ್ಲಲ್ಲ, ಅವರ ಹೆಸರಿಲೆ ಮತ್ತೊಂದು ನಾನೇ ಬಿಟ್ಟೆ. ಒಡಹುಟ್ಟಿದಾಕಿ, ನಿನ್ನ ಪಾಲಿಂದು ನೀನೇ ಬಿಡಬೇಕು."

ಸುನಂದಾ ತಾಯಿಯ ಮುಖವನ್ನೇ ನೋಡಿದಳು. "ಬಾಯಿಗಾ? ಬಾಯಿಗೆ ಏನೂ ಕೊಡಬ್ಯಾಡ ಅಂತ ಹೇಳಿದ್ರಲ್ಲವ್ವಾ!"

"ಉಣ್ಣಾಕ, ಕುಡ್ಯಾಕ ಏನೂ ಕೊಟ್ಟಿಲ್ಲ ತಾಯಿ. ಇದು ಉಣಸೂದಲ್ಲ. ಮೈ ಹಿಂಗ ಥಂಡಿ ಆಗ್ಯಾದ, ಉಸರು ಕಾಣವಲ್ದು. ನೀ ಬದಕ್ಯಾಳ ಅಂತಿ, ನಿನ್ನ ಮಾತು ನಂಬೀನಿ. ಆದ್ರ ಅಕಸ್ಮಾತ್ ಹೋದ್ರ? ಬಾಯಿ ಒಣಗಿಸ್ಕೊಂಡು ಹೋಗಬಾರದಲ್ಲ ನನ್ನ ಕೂಸು. ಇಲ್ಲಿ ಎಲ್ಲಾರೂ ಬಿಟ್ಟಾರ, ನೋಡು."

ಸುನಂದಾ ತಲೆಯೆತ್ತಿ ನೋಡಿದಳು. ಎರಡು ದಿನದಿಂದ ಅವಳು ಇದೇ ಗೋದಾಮಿನಲ್ಲಿ ಓಡಾಡಿದ್ದಳು, ದೀಪಗಳನ್ನು ಮಾತ್ರ ನೋಡಿದ್ದಳು. ಈಗ ಬೇರೆಯದು ಕಂಡಿತು. ಈ ಚೀಲದ ತಲೆದೆಸೆಯಲ್ಲಿ ಒಂದು ಲೋಟ, ಆ ಚೀಲದ ಪಕ್ಕ ತುಳಸಿ ಎಲೆ ಹಾಕಿದ ಬಟ್ಟಲು. ಮಶಾಕಸಾಬನ ಮಗ್ಗುಲಲ್ಲಿ ನೀರಿನ ಸಣ್ಣ ಬಾಟಲಿ, ಅದರ ಬಾಯಿಗೆ ಹತ್ತಿಯ ಉಂಡೆ. ಕೋಡ್ಲಾಪುರದಲ್ಲಿ ಜಾತಿಗೊಂದು ಕೇರಿ, ಕೇರಿಗೊಂದು ದೇವರು. ಹೋಗುವವರ ಬಾಯಿಗೆ ನೀರು ಬಿಡುವುದರಲ್ಲಿ ಮಾತ್ರ ಊರಿಗೆ ಊರೇ ಒಂದು.

ಆರೋಗ್ಯವಂತನ ಗಂಟಲಿಗೆ ನೀರು ಬಿದ್ದರೆ ನುಂಗುತ್ತಾನೆ, ಇಲ್ಲವೇ ಕೆಮ್ಮುತ್ತಾನೆ. ತಂಗುಚೀಲದಲ್ಲಿ ನುಂಗುವುದೂ ಇಲ್ಲ, ಕೆಮ್ಮುವುದೂ ಇಲ್ಲ; ಔಷಧ ಅವೆರಡನ್ನೂ ಮಲಗಿಸಿಬಿಟ್ಟಿರುತ್ತದೆ. ಬಿಟ್ಟ ನೀರು ನೇರ ಶ್ವಾಸಕೋಶಕ್ಕಿಳಿದು ನಿಲ್ಲುತ್ತದೆ. ಒಂದು ಚಮಚೆಯಾದರೆ ತಡೆದೀತು. ಕಾಕಾ, ಚಿಗವ್ವ, ಮಾವ, ಮಕ್ಕಳು ಎಂದು ಸರದಿಯ ಮೇಲೆ ಬಿಟ್ಟ ನೀರು? ನಿಮಿಷಕ್ಕೆ ಒಂದು ಉಸಿರು ಸಾಕಾದವನಿಗೆ ಅದೂ ನಡೆಯುತ್ತದೆ. ಎಬ್ಬಿಸಿದಾಗಲೇ ಅವನು ಮುಳುಗುವುದು. ಕಣಕಣದ ಲೆಕ್ಕ ಹಾಕಿದ್ದ ಸುನಂದಾಳಿಗೆ ಇದೊಂದು ಹೊಳೆದಿರಲಿಲ್ಲ. ತನ್ನ ಅಜ್ಜನ ಬಾಯಿಗೆ ಇದೇ ತಂಬಿಗೆಯಿಂದ ನೀರು ಬಿಟ್ಟವಳು ಅವಳು!

ಅವಳು ವ್ಯಾನಿಗೆ ಓಡಿದಳು. ಹೇಳಿದ್ದನ್ನು ಕೇಳಿ ಆಳ್ವರ ಮುಖ ಹಗುರಾಯಿತು. "ಹಾಗಾದರೆ ನಮ್ಮ ಚೀಲದಲ್ಲಿ ದೋಷವಿಲ್ಲ! ಸಂಬಂಧಿಕರ ಅಜಾಗರೂಕತೆಯಿಂದ ಎಂದು ಈಗಲೇ ಬರೆಸುತ್ತೇನೆ."

"ಹಾಗೆ ಬರೆಸಬೇಡಿ ಸರ್," ಅಂದಳು ಸುನಂದಾ. "ಸಾಯುವವರ ಹಾಗೆ ಕಾಣುವ ಮನುಷ್ಯನನ್ನು ಬಾಯಿ ತೆರೆದಿಟ್ಟು ಮನೆಯವರ ಮುಂದೆ ಮಲಗಿಸಿದ್ದು ನಾವು. ದೋಷ ಚೀಲದ್ದೇ. ನನ್ನ ಹೆಸರಿನಲ್ಲೇ ಬರೆಸಿ. ಬಿಚ್ಚಿಸುವ ಆದೇಶ ಮಾತ್ರ ನಿಲ್ಲಿಸಿ, ನೀರು ಹೊರಗೆ ತೆಗೆಯಲು ಆಗುತ್ತದೆ."

ಆಗುತ್ತದೆ, ನಿಜ. ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆಯನ್ನು ಉಸಿರುನಾಳದೊಳಗೆ ಇಳಿಸಿ, ಎಬ್ಬಿಸುವ ಮೊದಲೇ ನೀರು ಹೀರಬೇಕು. ಆದರೆ ಅಂಥ ಕೊಳವೆ ಇಡೀ ಗೋದಾಮಿಗೆ ಒಂದೇ ಇತ್ತು, ಅದನ್ನು ಇಳಿಸಲು ಬರುತ್ತಿದ್ದುದು ಸುನಂದಾಳಿಗೊಬ್ಬಳಿಗೇ. ಒಬ್ಬೊಬ್ಬರಿಗೂ ಬಹಳ ಹೊತ್ತು ಬೇಕು. ನೀರು ಯಾರಿಗೆ ಬಿಟ್ಟಿದ್ದಾರೆ, ಯಾರಿಗೆ ಬಿಟ್ಟಿಲ್ಲ ಎಂದು ಗೊತ್ತಾದರೆ ಮಾತ್ರ ಕೈಗೆ ಎಟುಕುವ ಕೆಲಸ.

ತೊಗರಿ ಹರಾಜಿನ ಸವಾಲು ಕೂಗುವ ಕಟ್ಟೆ ಹತ್ತಿ ಅವಳು ಮೈಕು ಹಿಡಿದಳು. "ಯಾರ್ಯಾರು ಬಾಯಿಗೆ ನೀರು ಬಿಟ್ಟೀರಿ, ಕೈ ಎತ್ರಿ. ಯಾರೂ ಬೈಯಂಗಿಲ್ಲ."

ಒಂದು ಕೈಯೂ ಏಳಲಿಲ್ಲ. ಲೋಟಗಳು, ಬಟ್ಟಲುಗಳು ಸದ್ದಿಲ್ಲದೆ ಸೆರಗಿನಡಿ, ಧೋತರದಡಿ ಸೇರಿಕೊಂಡವು. ಬೈಯುವುದಿಲ್ಲ ಎಂದು ಸರಕಾರದವರು ಹೇಳಿದರೆ ನಂಬುವ ಜನ ಅವರಲ್ಲ. ಅದಕ್ಕಿಂತ ಹೆಚ್ಚಾಗಿ, ನೀರು ಬಿಟ್ಟೆ ಎಂದರೆ ನನ್ನವರ ಆಸೆ ಬಿಟ್ಟೆ ಎಂದು ಒಪ್ಪಿಕೊಂಡ ಹಾಗೆ.

"ನಮ್ಮ ಶೈಲಾಗ ನಮ್ಮವ್ವ ಬಿಟ್ಟಾಳ," ಅಂದಳು ಸುನಂದಾ. ಕಾಶೀಬಾಯಿ ತಲೆ ತಗ್ಗಿಸಿದಳು. "ಕಾಕಾ ಬಿಟ್ಟಾರ, ಚಿಗವ್ವ ಬಿಟ್ಟಾಳ. ಚೀಲದಾಗ ಇದ್ದವರಿಗೆ ಆ ನೀರು ಹೊಟ್ಟಿಗಿ ಹೋಗಂಗಿಲ್ಲ, ಎದ್ಯಾಗ ನಿಲ್ತದ. ನಾ ತಗದು ಹಾಕ್ತೀನಿ. ಹೇಳಿದ್ರ ಉಳೀತಾರ."

ಯಾರೋ ಎದ್ದು ನಿಂತರು. ಮಶಾಕಸಾಬ. ಬರಿದಲೆಯ ಮುದುಕ ಮೈಕಿನ ಹತ್ತಿರಕ್ಕೇ ನಡೆದು ಬಂದ.

"ನಾ ದಸ್ತಗೀರಗ ಬಿಟ್ಟಿದ್ದೆ ಡಾಕ್ಟರವ್ವಾ," ಅಂದ. "ಹತ್ತಿ ತೊಯಿಸಿ ತೊಯಿಸಿ ಹಿಂಡೀನಿ. ಮಗಂದು ಜೀವ ನಾನ ತಗದೆ ಏನು?"

ಇದೇ ಪ್ರಶ್ನೆ ಅಲ್ಲಿ ಇನ್ನೂ ಮೂರು ಮನೆಯವರ ಬಾಯಲ್ಲಿತ್ತು. ಸುನಂದಾ ಕಟ್ಟೆಯಿಂದಿಳಿದು ಅವನ ಕೈ ಹಿಡಿದಳು.

"ನೀವಲ್ಲ ಕಾಕಾ. ಈ ಚೀಲ ಮಾಡಿದಾಕಿ ನಾನು. ನಮ್ಮೂರಾಗ ಹೋಗೋರ ಬಾಯಿಗೆ ನೀರು ಬಿಡ್ತಾರ ಅಂಬೂದು ನನಗ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರದು ಇಟ್ಟೆ. ನಿಮ್ಮನ್ನ ಅಲ್ಲಿ ಕುಂದ್ರಿಸಿದಾಕೀನೂ ನಾನೇ."

ಮುದುಕ ಕ್ಷಮಿಸಿದನೋ ಇಲ್ಲವೋ, ಅವನ ಮುಖ ಏನನ್ನೂ ಹೇಳಲಿಲ್ಲ. ಕೈ ಬಿಡಿಸಿಕೊಂಡು ಸೊಸೆಯ ಚೀಲದ ಕಡೆ ತೋರಿಸಿದ. "ಇಕಿಗೂ ಬಿಟ್ಟೀನಿ." ಅದರ ಹಿಂದೆಯೇ ಅಲ್ಲೊಂದು ಇಲ್ಲೊಂದು ಕೈ ಎದ್ದವು. ನೋಡುನೋಡುತ್ತಿದ್ದಂತೆ ಗೋದಾಮಿನ ತುಂಬ ಕೈಗಳೇ ಕಂಡವು.

ಅದೇ ಹೊತ್ತಿಗೆ ಹಸೀನಾಳ ದೀಪ ಕೆಂಪಾಯಿತು. ಸುನಂದಾ ಕೊಳವೆ ಎತ್ತಿಕೊಂಡಳೋ ಇಲ್ಲವೋ, ಬಾಗಿಲ ಕಡೆಯಿಂದ ಕಾಶೀಬಾಯಿ ಕೂಗಿದಳು. "ಸುನಂದಾ! ಕೆಂಪಾತು! ಶೈಲಾಂದೂ ಕೆಂಪಾತವ್ವಾ!"

ನಡುವೆ ನಿಂತ ಸುನಂದಾಳ ಕೈಯಲ್ಲಿ ಒಂದೇ ಕೊಳವೆ. ಮೊದಲು ಕೆಂಪಾದವರು ಮೊದಲು, ಆ ನಿಯಮ ಮಾಡಿದವಳೂ ಅವಳೇ. ನಿಯಮ ಮುರಿದರೆ ಯಾರು ಕೇಳುತ್ತಿದ್ದರು? ಡಾಕ್ಟರ ತಂಗಿ ಎಂದರೆ ನರ್ಸುಗಳೂ ಸುಮ್ಮನಿರುತ್ತಿದ್ದರು. ಅವಳ ಕಾಲು ಬಾಗಿಲ ಕಡೆಗೆ ಎರಡು ಹೆಜ್ಜೆ ಹೋಗಿಯೂಬಿಟ್ಟಿತು. ಅವ್ವ ಎರಡೂ ಕೈ ಚಾಚಿ ಕರೆಯುತ್ತಿದ್ದಳು. ಮಶಾಕಸಾಬ ಕರೆಯಲಿಲ್ಲ. ಕಣ್ಣೆತ್ತಿಯೂ ನೋಡಲಿಲ್ಲ. ಸೊಸೆಯ ತಲೆಯ ಹತ್ತಿರ ಮಂಡಿಯೂರಿ ಕೂತು ಬರಿಯ ಕೈಯಿಂದ ಅವಳ ಹಣೆಯ ಧೂಳು ಒರೆಸುತ್ತಿದ್ದ. ಇನ್ನು ಅವನಿಗೆ ನೋಡಲು ಒಂದೇ ದೀಪ ಉಳಿದಿತ್ತು.

ಸುನಂದಾ ಹಿಂದಕ್ಕೆ ತಿರುಗಿದಳು. ಹಸೀನಾಳ ಬಾಯಿ ತೆರೆದು ಕೊಳವೆ ಇಳಿಸಿದಳು. ಒಳಗೆ ಏನೋ ಹರಿದುಹೋಗುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಹನಿಹನಿಯಾಗಿ ನೀರು ಬಂತು. ಎಡಗಡೆ ಬರಿದಾಯಿತು, ಬಲಗಡೆ ಬರಿದಾಯಿತು. ಬಾಗಿಲ ಕಡೆಯಿಂದ ಅವ್ವನ ಕೂಗು ಮೊದಲು ಜೋರಾಯಿತು, ಆಮೇಲೆ ಸಣ್ಣದಾಯಿತು, ಆಮೇಲೆ ಕೇಳಿಸಲೇ ಇಲ್ಲ. ಹಸೀನಾಳನ್ನು ಬೆಚ್ಚಗಾಗಿಸಿದರು. ಅವಳ ಎದೆ ಏರಿತು, ಇಳಿಯಿತು, ಮತ್ತೆ ಏರಿತು. ಗೊರಗೊರ ಇರಲಿಲ್ಲ. ಸರ್ಜನ್ ಅವಳನ್ನು ಆಪರೇಷನ್ ಡೇರೆಗೆ ಒಯ್ದ.

ಸುನಂದಾ ಶೈಲಾಳ ಹತ್ತಿರ ಓಡಿದಾಗ ಮೈ ತಾನಾಗಿಯೇ ಬೆಚ್ಚಗಾಗುತ್ತಿತ್ತು, ಔಷಧ ಮುಗಿದುಹೋಗಿತ್ತು. ಎದೆಯೊಳಗೆ ನೀರು ಸದ್ದು ಮಾಡುತ್ತಿತ್ತು. ಕೊಳವೆ ಇಳಿಸಿ ಹೀರಿದಳು, ಮತ್ತೆ ಹೀರಿದಳು. ಬಂದದ್ದು ನೀರಲ್ಲ, ಕೆಂಪು ನೊರೆ. ತಡವಾಗಿತ್ತು. ಶೈಲಾ ಒಮ್ಮೆ ಕಣ್ಣು ಬಿಟ್ಟಳು. ಅಕ್ಕನನ್ನು ಕಂಡಳೋ, ಬರೀ ಗೋದಾಮಿನ ತಗಡನ್ನು ಕಂಡಳೋ ಯಾರಿಗೆ ಗೊತ್ತು. ತುಟಿ ಒಣಗಿ ಬಿರಿದಿತ್ತು.

ಕೊಳವೆ ಹೊರಗೆಳೆದು ಸುನಂದಾ ಪಕ್ಕಕ್ಕಿಟ್ಟಳು. ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಅಲ್ಲ, ಒಂದು ಉಳಿದಿತ್ತು. ಅವಳು ತಾಯಿಯ ಕಡೆ ಕೈ ಚಾಚಿದಳು.

"ಚಮಚೆ ಕೊಡವ್ವಾ."

ಕಾಶೀಬಾಯಿ ತಂಬಿಗೆಯನ್ನು ಎದೆಗವಚಿಕೊಂಡಳು. "ಬ್ಯಾಡ! ಬ್ಯಾಡ ಮಗಾ, ನೀನೇ ಅಂದ್ಯಲ್ಲ..."

"ಈಗ ಬಿಡಬಹುದು," ಅಂದಳು ಸುನಂದಾ.

ಆ ಮಾತಿನ ಅರ್ಥ ತಾಯಿಗೆ ಆಯಿತು. ತಂಬಿಗೆ ಮುಂದೆ ಬಂತು. ಸುನಂದಾ ತನ್ನ ಪಾಲಿನ ನೀರನ್ನು ತಂಗಿಯ ಬಾಯಿಗೆ ಬಿಟ್ಟಳು. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲೆ ಇಳಿಯಿತು. ಸ್ವಲ್ಪ ಹೊತ್ತಿಗೆ ಶೈಲಾ ಹೋದಳು.

"ನಿಮ್ಮಪ್ಪಂದೊಂದು ನಾ ಬಿಡಬಾರದಿತ್ತು," ಅಂದಳು ಕಾಶೀಬಾಯಿ. ಅದೊಂದೇ ಮಾತು. ಸುನಂದಾ ಹಾಗಲ್ಲವ್ವಾ ಎನ್ನಲು ಬಾಯಿ ತೆರೆದಳು. ಮಶಾಕಸಾಬನಿಗೆ ಹೇಳಲು ಬಂದ ಮಾತು ಹೆತ್ತವ್ವನ ಮುಂದೆ ಬರಲಿಲ್ಲ. ಅಷ್ಟರಲ್ಲಿ ಇನ್ನೊಂದು ದೀಪ ಕೆಂಪಾಯಿತೆಂದು ಯಾರೋ ಕೂಗಿದರು, ಅವಳು ಕೊಳವೆ ತೊಳೆದುಕೊಂಡು ಎದ್ದಳು. ಅಳುವುದಕ್ಕೂ ಸರದಿ ಬರಬೇಕಿತ್ತು.

ಆದೇಶ ಬರಲಿಲ್ಲ. ಸಂಜೆಯ ಹೊತ್ತಿಗೆ, ಮೊದಲೇ ನೀರು ತೆಗೆದು ಎಬ್ಬಿಸಿದವರೆಲ್ಲ ಉಸಿರಾಡುತ್ತಿದ್ದರು. ಚೀಲಗಳ ಪಕ್ಕದಿಂದ ಲೋಟ, ಬಟ್ಟಲು, ಬಾಟಲಿಗಳನ್ನು ಜನರೇ ಎತ್ತಿ ಗೋದಾಮಿನ ಹೊರಗಿಟ್ಟು ಬಂದಿದ್ದರು. ಒಂದು ತಂಬಿಗೆ ಮಾತ್ರ ಒಳಗಿತ್ತು. ಮುಖ ಮುಚ್ಚಿದ ಮಗಳ ಪಕ್ಕ ಕಾಶೀಬಾಯಿ ಅದನ್ನು ಹಿಡಿದುಕೊಂಡೇ ಕೂತಿದ್ದಳು.

ಡೇರೆಯಿಂದ ಹಸೀನಾಳನ್ನು ತಂದು ಕಾಶೀಬಾಯಿಯ ಎದುರಿನ ಜಾಗದಲ್ಲೇ ಮಲಗಿಸಿದರು. ಒಂದು ಕಾಲು ಹೋಗಿತ್ತು, ಜೀವ ಉಳಿದಿತ್ತು. ಮಶಾಕಸಾಬ ಬಗ್ಗಿ ಕಿವಿಗೊಟ್ಟ. ಹುಡುಗಿ ತುಟಿ ಅಲುಗಿಸುತ್ತಿದ್ದಳು.

"ನೀರು," ಅಂದಳು. ಎರಡು ದಿನದ ಬಾಯಾರಿಕೆ. "ಮಾಮಾ, ನೀರು."

ಮುದುಕ ಹಾವು ಕಂಡವನಂತೆ ಹಿಂದೆ ಸರಿದ. ಸುತ್ತ ಕೂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಊರಿಗೆ ಊರೇ ಸೇರಿದ್ದ ಆ ಗೋದಾಮಿನಲ್ಲಿ ಒಂದು ಹನಿ ನೀರು ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಹುಡುಗಿ ಮತ್ತೆ ಕೇಳಿದಳು, ದನಿಯಲ್ಲಿ ಅಳುವಿತ್ತು.

ಕಾಶೀಬಾಯಿ ಎದ್ದಳು. ಮಗಳ ಪಕ್ಕದಿಂದ ಆ ನಾಲ್ಕು ಹೆಜ್ಜೆ ನಡೆದು ಬರುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು. ಹಸೀನಾಳ ತಲೆಯ ಹತ್ತಿರ ಕೂತು ಚಮಚೆ ತುಂಬಿಸಿದಳು. ಅರ್ಧ ನೀರು ನೆಲಕ್ಕೆ ಚೆಲ್ಲಿತು. ಅವಳು ತಲೆಯೆತ್ತಿ, ಆ ತುದಿಯಲ್ಲಿ ಕೊಳವೆ ಹಿಡಿದು ನಿಂತ ಮಗಳನ್ನು ನೋಡಿದಳು.

"ಕೊಡ್ಲಾ?" ಅಂತ ಕೇಳಿದಳು.

"ಕೊಡವ್ವಾ," ಅಂದಳು ಸುನಂದಾ. "ಆಕಿ ನುಂಗತಾಳ."

ಹಸೀನಾ ನುಂಗಿದಳು. ಗೋದಾಮಿನಲ್ಲಿದ್ದವರೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದರು. ಅವಳು ಮತ್ತೆ ಬಾಯಿ ತೆರೆದಳು, ಕಾಶೀಬಾಯಿ ಮತ್ತೆ ಚಮಚೆ ತುಂಬಿಸಿದಳು.